ಚಂಪಾಳಿಗೆ ಹೆಣಿಗೆ ಕಲಿಸಿದ್ದು

"ಮೀನ ತಿನ್ನೂದಿಲ್ಲ ಅಂತೀರಿ, ಖರೆ. ನೆನಸ್ತೀರೇನು?"

ಚಿಕ್ಕೋಡಿಯಲ್ಲಿ ಬಾಡಿಗೆಗೆ ಮನೆ ಕೇಳಲು ಹೋದಾಗ ಮನೆಯೊಡತಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಆ ದಿನ ಆಗಲೇ ಮೂರು ಮನೆಗಳಿಂದ ಹಿಂದೆ ಬಂದಿದ್ದೆವು. ನಮ್ಮ ಕ್ರೈಸ್ತ ಹೆಸರು ಹೇಳಿದೊಡನೆ ಎಲ್ಲರಿಗೂ ನಮ್ಮ ಅಡುಗೆಮನೆ ಕಣ್ಣಿಗೆ ಕಟ್ಟುತ್ತಿತ್ತು. ನಾಲ್ಕನೆಯದು ಜೈನರ ಮನೆ. ಮುದುಕಿಯೊಬ್ಬರು ಅಂಗಳದಲ್ಲಿ ಕುಳಿತು ತಾಮ್ರದ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಕಾಲುವೆ ಕೆಲಸಕ್ಕೆ ವರ್ಗವಾಗಿ ಬಂದಿದ್ದ ನನ್ನ ಗಂಡ, ಮೀನು ಮಾಂಸ ಬೇಯಿಸುವುದಿಲ್ಲ, ಹೊರಗಿನಿಂದ ತರುವುದೂ ಇಲ್ಲ ಎಂದು ಮಾತು ಕೊಟ್ಟಾಗಿತ್ತು. ಮುದುಕಿಗೆ ಅದು ಸಾಲಲಿಲ್ಲ. ನಾನೋ ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಮನಸ್ಸಿನಲ್ಲಿ ಮಾಡಿದ ಪಾಪವೂ ಪಾಪವೇ ಎಂದು ಕಲಿತವಳು. ಸುಳ್ಳು ಬಾಯಿಗೆ ಬರಲಿಲ್ಲ.

"ನೆನಸುತ್ತೇನೆ," ಎಂದೆ.

ಮುದುಕಿ ನಕ್ಕರು. "ಖರೆ ಹೇಳಿದ್ರಿ. ಕೀಲಿ ತಗೋರಿ."

ಅವರನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಇಲ್ಲಿ ಅಜ್ಜಿಗೂ ಹಾಗೆನ್ನುತ್ತಾರೆ, ಮರಾಠಿ ಮಾತಾಡುವ ಮನೆಗಳಲ್ಲಿ ತಾಯಿಗೂ. ನಾನು ಯಾವ ಅರ್ಥದಲ್ಲಿ ಕರೆಯುತ್ತಿದ್ದೆನೋ ನನಗೇ ತಿಳಿಯದು. ನಮ್ಮ ಕಡೆ ರಾತ್ರಿಯೂಟವೆಂದರೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ. ಇಲ್ಲಿ ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ; ಹೊತ್ತು ಮುಳುಗುವ ಮೊದಲೇ ಆಯಿಯ ಒಲೆ ಆರಿ, ಪಾತ್ರೆ ಬೋರಲಾಗಿರುತ್ತಿತ್ತು. ನಾವು ಏಳೂವರೆಗೆ ತಟ್ಟೆ ಇಟ್ಟುಕೊಂಡರೆ ಆ ಸದ್ದು ಗೋಡೆ ದಾಟಿ ಹೋಗುವುದೆಂದು ನಾನು ಮೆಲ್ಲಗೆ ಅನ್ನ ಕಲೆಸುತ್ತಿದ್ದೆ. ಜೋಳದ ರೊಟ್ಟಿ ತಟ್ಟಲು ಕಲಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಅಂಗಡಿಯಲ್ಲಿ ‘ದಯವಿಟ್ಟು ಅರ್ಧ ಕಿಲೋ ಸಕ್ಕರೆ ಕೊಡುತ್ತೀರಾ?’ ಎಂದು ಕೇಳಿದರೆ ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು. ಓದಿದ ಹೆಂಗಸರನ್ನು ಇಲ್ಲಿ ಬಾಯಿ, ಬಾಯಾರು ಎಂದು ಕರೆಯುತ್ತಾರೆ. ಎದುರುಮನೆಯ ಗಂಗಕ್ಕ ಒಂದು ದಿನ ಹೇಳಿಯೇಬಿಟ್ಟಳು: "ಬಾಯಾರ, ನೀವು ಮಾತಾಡಿದ್ರ ನಮ್ಮ ಸಾಲಿ ಮಾಸ್ತರ ಪಾಠ ಓದಿಧಾಂಗ ಆಕ್ಕೈತಿ. ನಿದ್ದಿ ಬರತೈತ್ರಿ."

ಗಂಡ ಕಾಲುವೆಯ ಮೇಲೆ ಹೋದರೆ ಸಂಜೆಯವರೆಗೆ ನಾನೊಬ್ಬಳೇ. ಮೊದಲ ಡಿಸೆಂಬರ್ ಬಂತು. ಮಂಗಳೂರಿನಲ್ಲಿ ಚಳಿ ಎಂದರೆ ಕ್ರಿಸ್‌ಮಸ್ ವಾರದಲ್ಲಿ ಬೆಳಗಿನ ಹೊತ್ತು ಫ್ಯಾನು ಆರಿಸುವುದು. ಇಲ್ಲಿ ಕಬ್ಬಿನ ಹೊಲಗಳನ್ನು ದಾಟಿ ಬರುವ ಗಾಳಿಗೆ ತುಟಿ ಒಡೆಯಿತು, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಯಿತು. ಆಗ ಟ್ರಂಕಿನ ತಳದಿಂದ ಹೆಣಿಗೆ ಸೂಜಿಗಳನ್ನು ತೆಗೆದೆ.

ಯೋಚಿಸಿದರೆ ವಿಚಿತ್ರ. ಬೆವರು ಸುರಿಯುವ ಕಡಲೂರಿನಲ್ಲಿ ಸಿಸ್ಟರ್ ರೀತಾ ನಮಗೆಲ್ಲ ಸ್ವೆಟರ್ ಹೆಣೆಯಲು ಕಲಿಸಿದ್ದರು. ದಾರ ಬೆರಳಿಗೆ ಅಂಟುತ್ತಿತ್ತು, ಪೌಡರ್ ಹಚ್ಚಿಕೊಂಡು ಹೆಣೆಯುತ್ತಿದ್ದೆವು. ಹೆಣೆದದ್ದೆಲ್ಲ ಯಾವುದೋ ಬೆಟ್ಟದೂರಿನ ಅನಾಥ ಮಕ್ಕಳಿಗೆ ಹೋಗುತ್ತಿತ್ತು. ಹುಟ್ಟಿದೂರಿನಲ್ಲಿ ಬೇಡವಾಗಿದ್ದ ವಿದ್ಯೆಗೆ ತಕ್ಕ ಚಳಿ ನನಗೆ ಸಿಕ್ಕಿದ್ದು ಇಷ್ಟು ದೂರ ಬಂದ ಮೇಲೆ.

ಬಿಸಿಲಿಗೆ ಅಂಗಳದಲ್ಲಿ ಕೂತು ಹೆಣೆಯುತ್ತಿದ್ದಾಗ ಆಯಿಯ ಮಗಳು ಚಂಪಾ ಬಂದು ಸ್ವಲ್ಪ ದೂರದಲ್ಲಿ ನಿಂತಳು. ನನ್ನದೇ ವಯಸ್ಸು, ಮೂವತ್ತರ ಹತ್ತಿರ. ಕಾಗವಾಡದ ಕಡೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡು ತವರಿಗೆ ಬಂದು ಐದು ವರ್ಷವಾಗಿತ್ತು. ಆ ಐದು ವರ್ಷದಲ್ಲಿ ಅವಳು ಮನೆಯ ಬಾಗಿಲಿಂದ ಬಸದಿಯ ಬಾಗಿಲಿಗೆ ಹೊರತು ಬೇರೆಲ್ಲಿಗೂ ಹೋದದ್ದಿಲ್ಲ ಎಂದು ಗಂಗಕ್ಕ ಹೇಳಿದ್ದಳು. ಚಂಪಾ ಬಹಳ ಹೊತ್ತು ಸೂಜಿಯ ತುದಿಯನ್ನೇ ನೋಡಿದಳು.

"ಗಂಟ ಹಾಕೂದಿಲ್ಲೇನ್ರಿ?"

"ಇಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುವುದು, ಅಷ್ಟೇ."

"ಮತ್ತ ಎಳದ್ರ ಎಲ್ಲಾ ಬಿಚ್ಚಿ ಹೊಕ್ಕೈತೇನ್ರಿ?"

"ಎಲ್ಲ ಬಿಚ್ಚಿಹೋಗುತ್ತದೆ."

ಅದು ಅವಳಿಗೆ ತುಂಬ ಹಿಡಿಸಿದಂತೆ ಕಂಡಿತು. ಆದರೆ ಒಳಗಿಂದ ಆಯಿ ಕೂಗಿದರು: "ಮದಲ ಕೇಳ. ಅದು ಕುರಿ ಮೈಮ್ಯಾಲಿಂದೇನು?" ನಿಪ್ಪಾಣಿಯ ಪೇಟೆಯಿಂದ ತಂದ ಗಿರಣಿಯ ದಾರ, ಯಾವ ಪ್ರಾಣಿಯ ಕೂದಲೂ ಅಲ್ಲ ಎಂದು ತೋರಿಸಲು ನಾನು ಒಂದು ಎಳೆಗೆ ಬೆಂಕಿ ತಾಗಿಸಿದೆ. ಅದು ಕರಗಿ ಕರಿಯ ಮಣಿಯಾಯಿತು. ಕೂದಲು ಸುಟ್ಟ ವಾಸನೆ ಬರಲಿಲ್ಲ. ಆಯಿ ಮೂಸಿ ನೋಡಿ, "ಕಲೀಲಿ ಬಿಡ್ರಿ," ಎಂದರು.

ಹೀಗೆ ನನ್ನ ಮಧ್ಯಾಹ್ನದ ಶಾಲೆ ಶುರುವಾಯಿತು. ಸೂಜಿ ಊರಲ್ಲಿ ಸಿಗುತ್ತಿರಲಿಲ್ಲ. ಸೈಕಲ್ ಅಂಗಡಿಯವನು ಹಳೆಯ ಚಕ್ರದ ಕಡ್ಡಿಗಳನ್ನು ಕತ್ತರಿಸಿ, ತುದಿ ಉಜ್ಜಿ ಕೊಟ್ಟ. ಗಂಗಕ್ಕ ಬಂದಳು, ಅವಳ ಹಿಂದೆ ಓಣಿಯ ನಾಲ್ಕೈದು ಹೆಂಗಸರು ಬಂದರು. ನಾನು ಕಾನ್ವೆಂಟಿನ ರೂಢಿಯಂತೆ ನಿಟ್, ಪರ್ಲ್ ಎಂದರೆ ಯಾರಿಗೂ ನಾಲಿಗೆ ತಿರುಗಲಿಲ್ಲ. ಚಂಪಾ ಅವಕ್ಕೆ ಮರಾಠಿಯ ಹೆಸರು ಕೊಟ್ಟಳು: ಎದುರಿನಿಂದ ಎಳೆದರೆ ಸುಲಟ, ಹಿಂದಿನಿಂದ ಎಳೆದರೆ ಉಲಟ. ಮೂರು ದಿನದಲ್ಲಿ ನಾನೇ ಸುಲಟ-ಉಲಟ ಎನ್ನುತ್ತಿದ್ದೆ.

"ನನ್ನ ಗಂಡಂದು ಎದಿ ಅಳತಿ ಎಷ್ಟ್ ಹಿಡೀಲಿ?" ಎಂದು ಗಂಗಕ್ಕ ಕೇಳಿದಳು.

"ಎದಿ ಬಿಡ, ಹೊಟ್ಟಿ ಅಳತಿ ಹಿಡಿ," ಎಂದರು ಆಯಿ ಒಳಗಿನಿಂದ. "ದಾರ ಮುಗದ್ರ ನಿಪ್ಪಾಣಿಗಿ ಇನ್ನೊಂದು ಸಲ ಹೋಗೂಣು."

ಕಲಿಸುವುದರಲ್ಲಿ ಚಂಪಾ ನನಗಿಂತ ಮೇಲಾದಳು. ನಾನು ತಪ್ಪು ಕಂಡರೆ ಸಿಸ್ಟರ್ ರೀತಾರ ಹಾಗೆ ಕೈಯಿಂದ ಕಸಿದು ಬಿಚ್ಚಿಬಿಡುತ್ತಿದ್ದೆ. ಅವಳು ಹೊಸಬರ ಹಿಂದೆ ಕೂತು, ತನ್ನ ಕೈಯನ್ನು ಅವರ ಕೈಯ ಮೇಲಿಟ್ಟು, "ಇದೊಂದ್ ಸಾಲ ಹೆಣೀರಿ, ಸಾಕು," ಎನ್ನುತ್ತಿದ್ದಳು. ಆ ಒಂದು ಸಾಲು ಮುಗಿದ ಮೇಲೆ ಮತ್ತೆ ಅದೇ ಮಾತು. ಹಾಗೆ ಒಂದೊಂದೇ ಸಾಲಿಗೆ ಒಪ್ಪಿಸಿ ಎಂಥವರಿಂದಲೂ ಒಂದು ಕುಲಾವಿ ಮುಗಿಸುತ್ತಿದ್ದಳು. ಕೂಸಿನ ಕಿವಿ ಮುಚ್ಚುವ ಟೋಪಿಗೆ ಇಲ್ಲಿ ಕುಲಾವಿ ಎನ್ನುತ್ತಾರೆ. ತಾನು ಹೆಣೆದದ್ದನ್ನು ಮಾತ್ರ ಅವಳು ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಅವಳಿಗೆ ನನ್ನ ಕಾನ್ವೆಂಟಿನ ಕತೆಗಳೆಂದರೆ ಹಸಿವು. ಸಿಸ್ಟರ್‌ಗಳು ಎಷ್ಟು ಹೊತ್ತಿಗೆ ಏಳುತ್ತಾರೆ, ಮನೆಗೆ ಯಾವಾಗ ಹೋಗುತ್ತಾರೆ, ಕೂದಲು ಕತ್ತರಿಸುತ್ತಾರೋ ಬೋಳಿಸುತ್ತಾರೋ, ಎಲ್ಲ ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಬೇರೆಯವರೆಲ್ಲ ಹೋದ ಮೇಲೆ, ಕೈಯ ಕೆಲಸ ನಿಲ್ಲಿಸದೆ ಕೇಳಿದಳು: "ಅವರು ಸುಖದಾಗ ಇರತಾರೇನ್ರಿ?"

"ಓ, ತುಂಬಾ," ಎಂದೆ. "ನಗುತ್ತಾರೆ, ಹಾಡುತ್ತಾರೆ. ಸಂಜೆ ಥ್ರೋಬಾಲ್ ಆಡುತ್ತಾರೆ."

ಹೇಳಿದ್ದು ಸುಳ್ಳಲ್ಲ. ಆದರೆ ಒಂದು ಸಲ ಬಟ್ಟೆ ಒಣಹಾಕುವ ಹಿತ್ತಲಿನಲ್ಲಿ, ತೂಗುಹಾಕಿದ ಹಾಸಿಗೆ ಬಟ್ಟೆಗಳ ನಡುವೆ ನಿಂತು ಸಿಸ್ಟರ್ ರೀತಾ ಅಳುತ್ತಿದ್ದುದನ್ನು ನಾನು ನೋಡಿದ್ದೆ. ಯಾರೂ ಸತ್ತಿರಲಿಲ್ಲ, ಯಾರೂ ಬೈದಿರಲಿಲ್ಲ. ನೆಲ ನೋಡುತ್ತ ಸುಮ್ಮನೆ ಅಳುತ್ತಿದ್ದರು. ಅದನ್ನು ಚಂಪಾಳಿಗೆ ಹೇಳಲಿಲ್ಲ. ಮನೆಯ ಗುಟ್ಟು ಹೊರಗೆ ಹೇಳಬಾರದೆನ್ನುವಂಥ ಹಿಂಜರಿಕೆ. ಪರವೂರಿನಲ್ಲಿ ನಮ್ಮವರ ಬಗ್ಗೆ ಒಳ್ಳೆಯದನ್ನೇ ಹೇಳುತ್ತೇವಲ್ಲ, ಹಾಗೆ.

ಮುಂದಿನ ಮಳೆಗಾಲ ಕಳೆದ ಮೇಲೆ ಚಂಪಾ ದೀಕ್ಷೆ ತೆಗೆದುಕೊಳ್ಳುವುದು ನಿಶ್ಚಯವಾಯಿತು. ಆಯಿ ಎಂಟು ದಿನ ಮಾತು ಬಿಟ್ಟರು, ಆಮೇಲೆ ಒಪ್ಪಿದರು. ಇಲ್ಲಿಯ ಪದ್ಧತಿಯಂತೆ ಮದುಮಗಳ ಹಾಗೆ ಸಿಂಗರಿಸಿ ಮೆರವಣಿಗೆ ಮಾಡಿದರು. ಹಿಂದಿನ ದಿನ ಅವಳು ನನ್ನ ಬಾಗಿಲಿಗೆ ಬಂದು ಸೈಕಲ್ ಕಡ್ಡಿಯ ಸೂಜಿಗಳನ್ನು ಕೊಟ್ಟಳು.

"ಅಲ್ಲಿ ಬಿಡುವಿದ್ದಾಗ ಹೆಣೆಯಬಹುದಲ್ಲ," ಎಂದೆ. ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ಕಾನ್ವೆಂಟಿನ ವರಾಂಡ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಬಾಯಾರ, ಒಂದ್ ಸೂಜಿನೂ ನಂದು ಅಂತ ಇಟಗೊಳ್ಳಾಕ ಬರಂಗಿಲ್ರಿ."

ಇನ್ನು ಮುಂದೆ ಅವಳಿಗೆ ಒಂದು ಬಿಳಿಯ ಸೀರೆ, ಕೂರುವ ಮೊದಲು ಹುಳುಗಳನ್ನು ಮೆಲ್ಲಗೆ ಸರಿಸುವ ನವಿಲುಗರಿಯ ಪಿಂಛಿ, ಕಮಂಡಲು. ದಿನಕ್ಕೊಂದೇ ಊಟ, ಅದೂ ಅಂಗೈಯಲ್ಲಿ. ಕೂದಲನ್ನು ಕತ್ತರಿಸುವುದೂ ಇಲ್ಲ, ಬೋಳಿಸುವುದೂ ಇಲ್ಲ. ತಮ್ಮ ಕೈಯಿಂದಲೇ ಕೀಳುತ್ತಾರೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವಳು ಗಂಗಕ್ಕ. ಹೇಳುತ್ತ ಹೇಳುತ್ತ ಒಂದು ಮಾತು ಸೇರಿಸಿದಳು: "ಆಯಿ ಬ್ಯಾಡ ಅಂದಾಗ ಚಂಪಾ ನಿಮ್ಮ ಹೆಸರ ತಗದ್ಲು ನೋಡ್ರಿ. ಮಂಗಳೂರ ಬಾಯಿ ಸಿಸ್ಟರಗೋಳು ನಕ್ಕೋಂತ ಇರತಾರಂತ, ನಾನೂ ಇರತೇನಿ ಅಂದ್ಲು."

ಅಂದಿನಿಂದ ನನ್ನ ಮನಸ್ಸಿಗೆ ನೆಲೆಯಿಲ್ಲ. ಶಾಲೆ ನಡೆಯಿತು. ಹೆಂಗಸರು ಚಾಪೆಯ ಮೇಲೆ ಅವಳ ಜಾಗ ಬಿಟ್ಟು ಕೂರುತ್ತಿದ್ದರು. ಕಲಿತ ಹುಡುಗಿಯರು ಅಥಣಿಗೆ, ರಾಯಬಾಗಕ್ಕೆ ಮದುವೆಯಾಗಿ ಹೋದರು. ಅಲ್ಲಿಂದ ಅವರ ನಾದಿನಿಯರು ಕಲಿತು ಬಂದು ನನಗೇ ಹೊಸ ನಮೂನೆ ತೋರಿಸಿದರು. ಅವರಲ್ಲೊಬ್ಬಳು, ಚಂಪಾಳ ಮುಖವನ್ನೂ ನೋಡದವಳು, ತನ್ನ ಮಗಳ ಹಿಂದೆ ಕೂತು "ಇದೊಂದ್ ಸಾಲ ಹೆಣಿ, ಸಾಕು," ಎಂದಾಗ ನಾನು ಎದ್ದು ಒಳಗೆ ಹೋದೆ. ದೀಕ್ಷೆಯಾದವರು ಗುಂಪಾಗಿ ಊರೂರು ನಡೆದೇ ತಿರುಗುತ್ತಾರೆ; ಬಸ್ಸಿನ ಕಿಟಕಿಯಿಂದ ಬಿಳಿ ಸೀರೆ ಕಂಡರೆ ಇಳಿದುಬಿಡಬೇಕು ಎನಿಸುತ್ತಿತ್ತು. ಒಮ್ಮೆ ಮಂಗಸೂಳಿಯ ದಾರಿಯಲ್ಲಿ ಹಾಗೆ ಇಳಿದೂ ಬಿಟ್ಟೆ. ಅದು ಯಾರೋ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ವಿಧವೆ.

ನಾಲ್ಕು ವರ್ಷದ ಮೇಲೆ, ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುವ ವ್ರತಕ್ಕಾಗಿ ಅವಳಿದ್ದ ಸಂಘ ಕೃಷ್ಣೆಯ ದಂಡೆಯ ಹತ್ತಿರದ ದಿಗ್ಗೇವಾಡಿಗೆ ಬಂತು. ಆಯಿಯ ಜೊತೆ ನಾನೂ ಹೋದೆ. ಅವಳ ಬಾಯಿಂದಲೇ ಕೇಳಬೇಕಾಗಿತ್ತು, ನನ್ನ ಅರ್ಧ ಮಾತು ಅವಳನ್ನು ಹಾಳು ಮಾಡಿತೋ ಇಲ್ಲವೋ ಎಂದು.

ಅವಳು ಮರದ ಹಲಗೆಯ ಮೇಲೆ ಕುಳಿತಿದ್ದಳು. ತೆಳ್ಳಗಾಗಿದ್ದಳು, ಹಿಮ್ಮಡಿ ಒಡೆದಿತ್ತು. ಈಗ ಬೇರೆ ಹೆಸರು, ಎಲ್ಲರಿಗೂ ಮಾತಾಜಿ. ಆಯಿ ತಾವು ಹೆತ್ತ ಮಗಳ ಮುಂದೆ ಮಂಡಿಯೂರಿ "ವಂದಾಮಿ ಮಾತಾಜಿ," ಎಂದರು. ಮಗಳು ಪಿಂಛಿ ಎತ್ತಿ ಹರಸಿದಳು. ಅವ್ವಾ ಎನ್ನಲಿಲ್ಲ.

ದರ್ಶನಕ್ಕೆ ಬಂದವರಿಗೆ ಇಲ್ಲಿ ಒಂದು ನೇಮ ಕೊಡುತ್ತಾರೆ. ಇಷ್ಟು ದಿನ ಇಂಥದ್ದನ್ನು ಬಿಡುತ್ತೇನೆಂದು ಅವರೆದುರು ಒಪ್ಪಿಕೊಳ್ಳಬೇಕು. ಆಯಿ ಒಂದು ತಿಂಗಳು ಬೆಲ್ಲ ಬಿಟ್ಟರು. ನನ್ನ ಸರದಿ ಬಂತು.

"ನೀವು ಏನ್ ಬಿಡತೀರಿ?"

ಪರಿಚಯದ ಎಳೆಯೂ ಆ ದನಿಯಲ್ಲಿರಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆಯೇ: "ಚಂಪಾ, ಸುಖವಾಗಿದ್ದೀಯಾ?"

ಹಿಂದೆ ನಿಂತವರು ಗೊಣಗಿದರು. "ಮಾತಾಜಿಗೆ ಹಂಗ ಅನಬಾರದ್ರಿ," ಎಂದು ಯಾರೋ ನನ್ನ ಸೆರಗು ಎಳೆದರು. ಅವಳು ಕಣ್ಣು ತಗ್ಗಿಸಿದಳು.

"ಚಂಪಾನ್ನ ಹುಡುಕೂದ ಬಿಡ್ರಿ," ಎಂದಳು. "ಒಂದ್ ವರ್ಷ, ಸಾಕು."

ಆ ‘ಸಾಕು’ ಹಳೆಯ ಚಂಪಾಳದು. ನಾನು ಕೈ ಮುಗಿದು "ಆತ್ರಿ," ಎಂದೆ.

ಮರಳಿ ಬರುವಾಗ ಬಸ್ಸಿನಲ್ಲಿ ಆಯಿಗೆ ಎಲ್ಲವನ್ನೂ ಹೇಳಿದೆ. ಸಿಸ್ಟರ್ ರೀತಾ ಅತ್ತದ್ದನ್ನೂ ಹೇಳಿದೆ.

"ನನ್ನ ಮಗಳು ಮಂದಿ ಮಾತ ಕೇಳಿ ಹೋಗಾಕಿ ಅಲ್ಲ. ನನ್ನ ಮಾತ ಕೇಳಿದ್ಲೇನ?" ಎಂದರು ಆಯಿ. ರಾಯಬಾಗ ದಾಟಿದ ಮೇಲೆ, "ಆದ್ರ ಅತ್ತದ್ದೂ ಹೇಳಬೇಕಾಗಿತ್ತ ನೀವು," ಎಂದರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ನೇಮ ಒಂದು ವಾರವೂ ನಿಲ್ಲಲಿಲ್ಲ. ಪೇಟೆಯಲ್ಲಿ ಬಿಳಿ ಸೆರಗೊಂದು ತಿರುಗಿದರೆ ಕಣ್ಣು ಅದರ ಹಿಂದೆ ಓಡುತ್ತಿತ್ತು. ಆಯಿಯನ್ನು ಕೇಳಿದರೆ ಅವರು ಕಾಳು ಆರಿಸುತ್ತಲೇ, "ಮುರೀತಂದ್ರ ಮತ್ತ ಮದಲಿಂದ ಹಿಡೀಬೇಕವ್ವಾ. ಇವತ್ತಿನಿಂದ ಒಂದ್ ವರ್ಷ," ಎಂದರು. ಹಾಗೆ ಹಿಡಿದೆ, ಮುರಿದೆ, ಮತ್ತೆ ಹಿಡಿದೆ.

ಕಳೆದ ಮೇ ತಿಂಗಳು ಮಂಗಳೂರಿಗೆ ಹೋದಾಗ ನಮ್ಮ ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋಗಿ ಇದನ್ನೂ ಹೇಳಿದೆ. ಮರದ ಜಾಲರಿಯಾಚೆಗೆ ಪಾದ್ರಿಗಳು ತಾಳ್ಮೆಯಿಂದ ಕೇಳಿಸಿಕೊಂಡರು. "ಗೆಳತಿಯನ್ನು ನೆನೆಯುವುದು ಪಾಪವಲ್ಲ ಮಗಳೇ. ಅಂಥ ಹರಕೆಗೆ ನಮ್ಮಲ್ಲಿ ಬಲವಿಲ್ಲ. ಅದನ್ನು ಮರೆತುಬಿಡು," ಎಂದರು. ಹಗುರವಾಗಬೇಕಿತ್ತು, ಆಗಲಿಲ್ಲ. ಮನೆಗೆ ಬಂದರೆ ಅಮ್ಮ, "ನೀನು ಊಟಕ್ಕೆ ಕೂರುವ ಮೊದಲು ಕಿಟಕಿಯಾಚೆ ಬೆಳಕು ನೋಡುತ್ತೀ, ಆ ಜೈನರ ಹಾಗೆ," ಎಂದಳು. ಚಿಕ್ಕೋಡಿಯಲ್ಲಿ ನಾನು ಇಂದಿಗೂ ಮಂಗಳೂರ ಬಾಯಿ.

ಪಾದ್ರಿಗಳು ಬಿಡಿಸಿದ್ದರಿಂದ ರಜೆಯ ಆ ಹದಿನೈದು ದಿನ ನನ್ನ ಮೇಲೆ ಯಾವ ನೇಮವೂ ಇರಲಿಲ್ಲ. ಆದ್ದರಿಂದ ಹುಡುಕಿದೆ. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತ, ಸೀರೆ ಅಂಗಡಿಯ ಮೆಟ್ಟಿಲ ಮೇಲೆ, ದೋಣಿಗಟ್ಟೆಯಲ್ಲಿ ಬುಟ್ಟಿ ಇಳಿಸುವ ಹೆಂಗಸರ ನಡುವೆ, ಸಿಗಲಾರಳೆಂದು ಗೊತ್ತಿದ್ದೇ, ಒಬ್ಬೊಬ್ಬರ ಮುಖವನ್ನೂ ಧೈರ್ಯವಾಗಿ ನೋಡಿದೆ. ಚಂಪಾ ಸಮುದ್ರವನ್ನೇ ಕಂಡವಳಲ್ಲ.