ಸರ್ವರಬಿ ಕೂಡಿಟ್ಟ ವಜ್ರ

ಅದಿರಿನ ಕೆಂಪು ಧೂಳು ಬಳ್ಳಾರಿಯವರ ಚಹಾದ ಕಪ್ಪಿಗೂ ಇಳಿಯುತ್ತಿದ್ದ ಕಾಲ. ಕೌಲ್ ಬಜಾರಿನ ಸರ್ವರಬಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದಳು. ಗಂಡ ದಾವಲಸಾಬ್ ಗಣಿಯ ಟಿಪ್ಪರ್ ಓಡಿಸುತ್ತಿದ್ದ. ಲೋಡಿಂಗ್ ಸರದಿಯಲ್ಲಿ ಮುಂದೆ ನುಗ್ಗಲು ಯಾರ ಕೈಗೆ ಮಾಮೂಲು ಇಡಬೇಕೆಂಬುದನ್ನು ಅರೆದು ಕುಡಿದವನು. ಕಾಯುವುದೆಂದರೆ ಅವನಿಗೆ ಎಲ್ಲಿಲ್ಲದ ಸಂಕಟ.

ಅವನ ಹೊಸ ಫೋನಿನಲ್ಲಿ ಕೋಟೆ ಕಟ್ಟಿ ಕಾಯುವ ಆಟವೊಂದಿತ್ತು. ಆಡಲು ಪುಕ್ಕಟೆ, ಆದರೆ ಒಂದು ಗೋಡೆ ಏಳಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಬೇಗ ಮುಗಿಯಬೇಕೆಂದರೆ ವಜ್ರ ಕೊಡಬೇಕು, ವಜ್ರ ತೀರಿದರೆ ನಿಜವಾದ ರೊಕ್ಕ ಕೊಟ್ಟು ಕೊಳ್ಳಬೇಕು. ಮಹಾಶಯ ಅಲ್ಲೂ ಮಾಮೂಲು ಶುರುಮಾಡಿದ!

ಸರ್ವರಬಿಗೆ ನಗುವೂ ಬಂತು, ಮೈಯೂ ಉರಿಯಿತು. ಆಟದ ಗೋಡೆಗೆ ಇಷ್ಟು ಸುರಿಯುವವನು, ರಾರಾವಿಯ ತವರಿಗೆ ಎರಡು ದಿನ ಹೋಗಿಬರೋಣವೆಂದರೆ ವರ್ಷಗಳಿಂದ "ಟ್ರಿಪ್ ತಪ್ಪತೈತಿ" ಎನ್ನುತ್ತಿದ್ದ.

"ಒಂದು ತಿಂಗಳು ಆಟ ನನ್ನ ಕೈಯಾಗ ಕೊಡ್ರಿ. ಒಂದು ವಜ್ರನೂ ಕೊಳ್ಳಂಗಿಲ್ಲ. ಇದೇ ಆಟ ಆಡೋ ನಿಮ್ಮ ದೋಸ್ತ ಎರ್ರೆಪ್ಪನ ಕಿಲ್ಲಾಕ್ಕಿಂತ ದೊಡ್ಡದು ಕಟ್ಟಿದ್ರ, ರಾರಾವಿಗೆ ಕರಕೊಂಡು ಹೋಗಬೇಕು."

"ಆತು ಬಿಡು," ಎಂದು ಅವನು ನಕ್ಕ. ಸೋಲುವ ಮಾತೇ ಇಲ್ಲವೆಂದು ಅವನ ಲೆಕ್ಕ.

ಹೆಚ್ಚು ಹೊತ್ತು ಹಿಡಿಯುವ ಕೆಲಸವನ್ನು ಅವಳು ಮಲಗುವ ಮುಂಚೆ ಹಚ್ಚುತ್ತಿದ್ದಳು. ಆಟ ಬಹುಮಾನವಾಗಿ ಕೊಟ್ಟ ವಜ್ರಗಳನ್ನು ಮುಟ್ಟಲೇ ಇಲ್ಲ. ಒಮ್ಮೆ ಗೋಪುರ ಅರ್ಧಕ್ಕೆ ನಿಂತಾಗ ದಾವಲಸಾಬನ ಬೆರಳು ತುರಿಸಿತು.

"ಹತ್ತು ಕೊಟ್ರ ಈಗ್ಲೇ ಮುಗೀತೈತಿ!"

"ಕೈ ತೆಗೀರಿ. ನಾವು ಮಲಗಿ ಏಳೋದ್ರಾಗ ತಾನೇ ಮುಗೀತೈತಿ."

ಸಾಕಷ್ಟು ಕೂಡಿದ ದಿನ ಎಲ್ಲ ವಜ್ರಗಳನ್ನೂ ಒಂದೇ ಏಟಿಗೆ ಕೊಟ್ಟು ಆಟದೊಳಗೆ ಕೋಟೆ ಕಟ್ಟುವ ಇನ್ನೊಬ್ಬ ಮೇಸ್ತ್ರಿಯನ್ನು ಕೊಂಡಳು. ಮನೆಗೆ ಎರಡನೇ ಹೊಲಿಗೆ ಮಷೀನು ತಂದ ಹಾಗೆ. ಆತುರಕ್ಕೆ ಕೊಟ್ಟ ವಜ್ರ ಒಂದೇ ಗೋಡೆಗೆ ಮುಗಿಯುತ್ತದೆ, ಮೇಸ್ತ್ರಿ ಆಟ ಇರುವತನಕ ದುಡಿಯುತ್ತಾನೆ. ಅಲ್ಲಿಂದ ಕೋಟೆ ಒಂದೇ ಹೊತ್ತಿಗೆ ಎರಡು ಕಡೆ ಬೆಳೆಯತೊಡಗಿತು.

ತಿಂಗಳು ತುಂಬಿದಾಗ ಮೋಕ ಊರಿನಿಂದ ಬಂದ ಎರ್ರೆಪ್ಪ ಎರಡೂ ಫೋನು ಪಕ್ಕಪಕ್ಕ ಹಿಡಿದು, "ಯಕ್ಕಾ, ಎಷ್ಟು ರೊಕ್ಕ ಸುರಿದಿ?" ಎಂದು ಬಾಯಿ ಬಿಟ್ಟ. ದಾವಲಸಾಬ್ ತಾನೇ ಗೆದ್ದವನಂತೆ ಮೀಸೆ ತಿರುವಿದ.

ಸಿರುಗುಪ್ಪ ದಾಟಿ ರಾರಾವಿಯ ಬಸ್ಸು ಭತ್ತದ ಗದ್ದೆಗಳ ನಡುವೆ ಹೋಗುತ್ತಿದ್ದಾಗ ಫೋನು ಸದ್ದು ಮಾಡಿತು. ಕೋಟೆಯ ಹೆಬ್ಬಾಗಿಲು ಮುಗಿಯಲು ಎರಡು ದಿನ ಬೇಕು, ವಜ್ರ ಕೊಟ್ಟು ಈಗಲೇ ಮುಗಿಸುವಿರಾ ಎಂದು ಆಟ ಕೇಳುತ್ತಿತ್ತು. ಸರ್ವರಬಿ ಗಂಡನ ಬೆರಳನ್ನೇ ನೋಡಿದಳು.

ದಾವಲಸಾಬ್ ಫೋನನ್ನು ಜೇಬಿಗೆ ಹಾಕಿದ. "ಹಿಡೀಲಿ ಬಿಡು ಎರಡು ದಿನ. ನಮಗೇನು ಅವಸರ ಐತಿ?"