ಅವ್ವನ ಮಾತಿನ ಮೇಲೆ ಕೊಳಲು

ನಮ್ಮೂರಿನ ಗ್ರಂಥಾಲಯವೊಂದರ ಮೆಟ್ಟಿಲು ಕಂಡರೂ ಈಗ ನನಗೆ ಮೈ ಉರಿಯುತ್ತದೆ. ಮೊದಲು ಹೀಗಿರಲಿಲ್ಲ. "ನಿಮ್ಮ ಮನೆಯ ಹಳೆಯ ಫೋಟೋ, ವಿಡಿಯೋ ಕೊಡಿ, ನಮ್ಮ ಚಾನೆಲ್ಲಿನಲ್ಲಿ ಜಗತ್ತಿಗೆ ತೋರಿಸುತ್ತೇವೆ" ಎಂದು ಅವರು ಫಲಕ ಹಾಕಿದಾಗ ಮಾಳಮಡ್ಡಿಯ ನಮ್ಮ ಮನೆಯಿಂದ ಆಟೋ ಹಿಡಿದು ಓಡಿದವಳು ನಾನೇ.

ಒಯ್ದದ್ದು ಒಂದು ವಿಡಿಯೋ ಕ್ಯಾಸೆಟ್. ಅವ್ವ ನಮ್ಮ ಪಡಸಾಲೆಯಲ್ಲಿ ಕೂತು ಓಣಿಯ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದದ್ದನ್ನು ಕಾಕಾ ಹಿಂದೊಮ್ಮೆ ಚಿತ್ರೀಕರಿಸಿದ್ದ. ಅವ್ವನಿಗೆ ಕೈಗಿಂತ ಬಾಯಿ ಜೋರು. "ಎಳಿ ಎಣಸವ್ವಾ, ಮಂದಿ ಮಾರಿ ನೋಡಬ್ಯಾಡ. ಗಂಟು ಹಾಕಿದಿ ಅಂದ್ರ ಕೈ ಮುರೀತೇನಿ!" ಬೈಗುಳದಲ್ಲೇ ಪಾಠ. ಪಾರ್ಶ್ವವಾಯು ಬಡಿದ ಮೇಲೆ ಅವಳ ಬಾಯಿಂದ ಒಂದು ಮಾತೂ ಹೊರಟಿಲ್ಲ. ದನಿ ಉಳಿದಿದ್ದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ, ಅದನ್ನು ಹಾಕಿ ಕೇಳುವ ಯಂತ್ರ ನಮ್ಮಲ್ಲಿರಲಿಲ್ಲ.

ಚಾನೆಲ್ಲಿನಲ್ಲಿ ಬಂದದ್ದು ಒಂದು ನಿಮಿಷವೂ ಇಲ್ಲ. ಅವ್ವನ ಮುಖ, ಬೆರಳು, ಸೂಜಿ, ಮೇಲೆ "ನಮ್ಮ ಪರಂಪರೆ ನಮ್ಮ ಹೆಮ್ಮೆ" ಎಂಬ ಬಂಗಾರದ ಅಕ್ಷರ. ದನಿ ಇರಬೇಕಾದಲ್ಲಿ ಯಾರದೋ ಕೊಳಲು. ಈ ಹೊಲಿಗೆ ಹಾಕುವುದು ಹೇಗೆಂದು ಕೆಳಗೆ ಕಾಮೆಂಟಿನಲ್ಲಿ ಯಾರೋ ಒಬ್ಬಳು ಕೇಳಿದ್ದಳು, ಗ್ರಂಥಾಲಯ ಅವಳಿಗೊಂದು ಕೆಂಪು ಹೃದಯ ಕಳಿಸಿ ಕೈತೊಳೆದುಕೊಂಡಿತ್ತು. ಪಕ್ಕದಲ್ಲೇ ಚಾನೆಲ್ ಉದ್ಘಾಟನೆಯ ವಿಡಿಯೋ: ಶಾಲು, ಹಾರ, ಗ್ರಂಥಾಲಯದ ಅಧ್ಯಕ್ಷರ ಭಾಷಣ, ಅವರು ಕೆಮ್ಮಿದ್ದೂ ಸೇರಿ ಪೂರ್ತಿ.

ಮರುದಿನವೇ ಚಾನೆಲ್ ನೋಡಿಕೊಳ್ಳುವವನ ಮೇಜಿನ ಮುಂದೆ ನಿಂತೆ.

"ದನಿ ಯಾಕ ತಗದ್ರಿ?"

"ಹೆಣ್ಮಕ್ಕಳ ಗದ್ದಲ ಭಾಳ ಇತ್ರೀ. ಮ್ಯೂಸಿಕ್ ಹಾಕಿದ್ರ ಛಲೋ ಓಡತಾವು."

"ಮತ್ತ ಅಧ್ಯಕ್ಷರ ಗದ್ದಲ?"

"ಅವರ ಭಾಷಣಕ್ಕ ಕತ್ತರಿ ಹಾಕಿದ್ರ ಸಿಟ್ಟಾಗ್ತಾರ್ರಿ ಅಕ್ಕಾರ."

ಅದೇನೋ ಖರೇ. ಧಾರವಾಡದಲ್ಲಿ ವಂದನಾರ್ಪಣೆಗೆ ಒಂದು ಹೆಸರು ಬಿಟ್ಟರೂ ಜನ್ಮದ ಹಗೆ. ಅವ್ವ ಯಾವ ವೇದಿಕೆಯನ್ನೂ ಹತ್ತಿದವಳಲ್ಲ, ಅವಳ ಬಾಯಿಗೆ ಕತ್ತರಿ ಹಾಕಲು ಯಾರ ಭಯ?

"ನನ್ನ ಕ್ಯಾಸೆಟ್ ಕೊಡ್ರಿ."

"ಬೂಷ್ಟು ಹಿಡಿದಿತ್ರಿ. ಕಾಪಿ ಮಾಡ್ಕೊಂಡು ಒಗದ್ವಿ."

"ಆ ಕಾಪಿ?"

"ಉದ್ಘಾಟನಿ ವಿಡಿಯೋ ದೊಡ್ಡದಿತ್ರಿ, ಕಂಪ್ಯೂಟರಿನ್ಯಾಗ ಜಾಗಾ ಸಾಲಲಿಲ್ಲ, ಅಳಿಸೀವಿ. ಚಾನೆಲ್ಲಿನ್ಯಾಗ ಐತೆಲ್ರಿ, ಯಾವಾಗ ಬೇಕಾದ್ರೂ ನೋಡ್ರಿ."

ಪುಸ್ತಕದ ಹಾಳೆ ಮಡಚಿದರೆ ದಂಡ ಹಾಕುವ ಮಂದಿ ಇವರು! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಪೂರ್ತಿ ವಿಡಿಯೋ ಹಾಕಿ, ಅವ್ವನ ಮಾತನ್ನು ಕೆಳಗೆ ಅಕ್ಷರದಲ್ಲಿ ಬರೆಯಲು ಇವರಿಗೇನು ಧಾಡಿಯಾಗಿತ್ತು? ಕೇಳಿದವಳಿಗೆ ಹೊಲಿಗೆಯಾದರೂ ಬರುತ್ತಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ನನಗೆ ಚಹಾ ತರಿಸಿದ. ಕುಡಿಯದೆ ಎದ್ದು ಬಂದೆ.

ಅವ್ವನಿಗೆ ಅದನ್ನು ತೋರಿಸಬಾರದೆಂದಿದ್ದೆ. ನಾನು ಬರುವುದರೊಳಗೆ ಪಕ್ಕದ ಮನೆಯವಳು ತನ್ನ ಫೋನಿನಲ್ಲಿ ಹಚ್ಚಿ ಕೈಗೆ ಕೊಟ್ಟಿದ್ದಳು. ಅವ್ವ ತೆರೆಯ ಮೇಲೆ ತನ್ನ ತುಟಿಗಳು ಅಲ್ಲಾಡುವುದನ್ನೇ ನೋಡುತ್ತಿದ್ದಳು. ಆಮೇಲೆ ನೆಟ್ಟಗಿದ್ದ ಎಡಗೈಯಿಂದ ಫೋನನ್ನು ಮೆಲ್ಲಗೆ ಎತ್ತಿ ಕಿವಿಗೆ ಒತ್ತಿ ಹಿಡಿದಳು.