ಗೇಟಿನಲ್ಲಿ ಅಕ್ಕ ಇಟ್ಟ ಕುಂಕುಮ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ. ಕೊಪ್ಪದ ಹತ್ತಿರ ಕಾಫಿ ಎಸ್ಟೇಟಿನ ಕೂಲಿಯವರ ಸಾಲುಮನೆ, ಲೈನ್ ಮನೆಯಲ್ಲಿದ್ದಾಗ ಅವ್ವ ಒಂದು ತಿಂಗಳಿಡೀ ಅದನ್ನೇ ತಿಕ್ಕಿದಳು, ಅಪ್ಪನ ಬೆನ್ನಿಗೆ, ಗಿರಿಜಕ್ಕನ ಕೈಗೆ. ಆ ಲೈನು ಈಗಿಲ್ಲ. ಕೆಡವಿ ಹೋಂಸ್ಟೇಯವರ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ನಮಗಿದ್ದದ್ದು ಒಂದೇ ಕೋಣೆ, ಹೊಗೆ ಹಿಡಿದ ಹಂಚು, ಗೋಡೆಯಾಚೆ ಪಕ್ಕದವರ ಕೆಮ್ಮು. ಹೋದದ್ದೇ ಒಳ್ಳೆಯದಾಯಿತು ಅಂದುಕೊಳ್ಳುತ್ತೇನೆ, ಆದರೂ ಅಳು ಬರುತ್ತದೆ. ನಿಮಗೂ ಅಂಥದೊಂದು ಮನೆ ಇದ್ದೀತು.

ಗಿರಿಜಕ್ಕ ಡಿಗ್ರಿಯಲ್ಲಿ ಕಾಲೇಜಿಗೇ ಮೊದಲು ಬಂದಳು. ಹಳೇ ವಿದ್ಯಾರ್ಥಿಗಳ ದಿನ ಗೇಟಿನಲ್ಲಿ ನಿಂತು ಬಂದವರ ಹಣೆಗೆ ಕುಂಕುಮ ಇಡುವುದು ಮೊದಲು ಬಂದ ಹುಡುಗಿಯ ಹಕ್ಕು. ಇಸವಿ ಎರಡು ಸಾವಿರ ದಾಟಿದ್ದರೂ ಆ ತಟ್ಟೆ ನಮ್ಮಂಥ ದಲಿತರ ಹುಡುಗಿಯ ಕೈಗೆ ಬಂದಿರಲಿಲ್ಲ. ಮೇಷ್ಟ್ರೊಬ್ಬರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ನೀನು ತಟ್ಟೆ ಹಿಡಿದರೆ ಸಾಕು, ಕುಂಕುಮ ಬೇರೆಯವರು ಇಡಲಿ ಎಂದರಂತೆ. ಅಕ್ಕ ಒಪ್ಪಲಿಲ್ಲ. ಅವ್ವನ ಮದುವೆ ಸೀರೆ ಉಟ್ಟು ಹೊರಟಳು. ನಾಲ್ಕನೇ ಕ್ಲಾಸಿನ ನಾನು ಸೆರಗು ಹಿಡಿದು ಹೋದೆ. ಅಪ್ಪ ಅವತ್ತು ಅಲ್ಲಿಯೇ ಕೂಲಿಗೆ ಶಾಮಿಯಾನ ಕಟ್ಟುತ್ತಿದ್ದ. ಏಳೆಂಟು ಜನ ಸುಮ್ಮನೆ ಹಣೆಯೊಡ್ಡಿ ಒಳಗೆ ಹೋದರು. ಆಮೇಲೆ ಬಂದವನು ನಮ್ಮ ಎಸ್ಟೇಟಿನ ಧಣಿಯ ಮಗ. ಅಕ್ಕನ ಗುರುತು ಹಿಡಿದ. ಅವಳು ಎತ್ತಿದ ಬೆರಳನ್ನೇ ಹಿಡಿದು ಹಿಂದಕ್ಕೆ ಮಡಿಸಿದ. ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಅಕ್ಕ ಇನ್ನೊಂದು ಕೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಅವನ ಜೊತೆಯವರು ನುಗ್ಗಿದರು. ಅಪ್ಪ ಕೈಯಲ್ಲಿದ್ದ ಹಗ್ಗ ಎಸೆದು ಓಡಿಬಂದ. ಧಣಿಯ ಮಗನ ಮೇಲೆ ಬೀಳುತ್ತಾನೆಂದೇ ನಾನು ಕಾದೆ. ಅಪ್ಪ ಅಕ್ಕನ ಕಪಾಳಕ್ಕೆ ಹೊಡೆದ. ಮತ್ತೆ ಮತ್ತೆ ಹೊಡೆದ. ಅವರೇನೂ ಬಿಡಲಿಲ್ಲ, ಶಾಮಿಯಾನದ ಗಳ ಕಿತ್ತು ಇಬ್ಬರನ್ನೂ ಬಡಿದರು. ಅಪ್ಪ ಅಕ್ಕನ ಮೇಲೆ ಕವುಚಿ ಬಿದ್ದ. ಮೇಷ್ಟ್ರುಗಳು ಕಂಬದ ಹಾಗೆ ನಿಂತಿದ್ದರು. ಅವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಅಕ್ಕನ ಚಾಪೆಯ ಪಕ್ಕ ಕೂತು, "ನಾ ಹೊಡುದ್ರೆ ಅವ್ರು ಬಿಡ್ತಾರೆ ಅಂದ್ಕಂಡೆ ಮಗಾ" ಎಂದ. ಅಕ್ಕ ಗೋಡೆಯ ಕಡೆ ತಿರುಗಿದಳು. ಆಮೇಲೆ ಊಟಕ್ಕೆ ಕರೆಯುವಷ್ಟು ಮಾತಾಡಿದರು, ಅದಕ್ಕಿಂತ ಹೆಚ್ಚಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅಕ್ಕ ಈಗ ನರಸಿಂಹರಾಜಪುರದ ಕಡೆ ಟೀಚರು, ಸೊಟ್ಟ ಬೆರಳಲ್ಲೇ ಸೀಮೆಸುಣ್ಣ ಹಿಡಿಯುತ್ತಾಳೆ. ಮೊನ್ನೆ ಕೇಳಿಯೇಬಿಟ್ಟೆ, ಅಪ್ಪನನ್ನು ಕ್ಷಮಿಸಿದೆಯಾ ಎಂದು. ಅಕ್ಕ ಹೇಳಿದಳು:

"ಅಷ್ಟ್ ಜನ ಹೊಡುದ್ರು, ಗ್ಯಾಪಕ ಇರದು ಅಪ್ಪಂದೊಂದೇ. ಯಾವಾಗ್ಲೋ ಕ್ಷಮ್ಸಿದ್ದೆ ಕಣೇ. ಅಪ್ಪಂಗೆ ಹೇಳ್ಲೇ ಇಲ್ಲ."